ಕನ್ನಡ ಕೈಬರಹಕ್ಕೆ ಫೌಂಟನ್ ಪೆನ್ನು: ಆರಿಸುವುದರಿಂದ ಸಂಗ್ರಹದವರೆಗೆ

ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಬಿಡಿಯಾಗಿ ಕಾಣುತ್ತದೆಯೇ, ಶಾಯಿಯಲ್ಲಿ ಮುಳುಗಿಹೋಗುತ್ತದೆಯೇ? ಕನ್ನಡದಲ್ಲಿ ಬರೆಯುವವರು ಫೌಂಟನ್ ಪೆನ್ನು ಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕಂಪನಿಯ ಹೆಸರು, ಬೆಲೆ, ನಿಬ್ಬಿನ ಮೇಲಿನ ಬಂಗಾರದ ಲೇಪ ಎಲ್ಲವೂ ಆಮೇಲಿನವು. ಪೆನ್ನುಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರವನ್ನೂ ದಪ್ಪ ಕಾಗದವನ್ನೂ ಮನಸ್ಸಿನಲ್ಲಿಟ್ಟುಕೊಂಡವು. ನಮ್ಮ ಅಕ್ಷರ ದುಂಡು. ಅದರೊಳಗೆ ಚುಕ್ಕೆ, ಸೀಳು, ಕೆಳಗೆ ಒತ್ತು. ನಮಗೆ ಸುಲಭವಾಗಿ ಸಿಗುವ ನೋಟ್‌ಬುಕ್ಕಿನ ಹಾಳೆ ತೆಳು. ಹುಬ್ಬಳ್ಳಿ–ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ನಡೆದಂತೆ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಪೆನ್ನು ನಡೆಯುವುದಿಲ್ಲ. ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪೆನ್ನು, ಶಾಯಿ, ಕಾಗದಗಳನ್ನು ಹೊಂದಿಸುವ ಬಗೆ ಇಲ್ಲಿದೆ. ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಕೆಎಎಸ್ ಮುಖ್ಯ ಪರೀಕ್ಷೆಗೆ ಗಂಟೆಗಟ್ಟಲೆ ಉತ್ತರ ಬರೆದು ಬೆರಳು ನೋಯಿಸಿಕೊಳ್ಳುವ ಹುಡುಗ ಹುಡುಗಿಯರಿಗೂ, ಶಾಲಾ ಮಾಸ್ತರರಿಗೂ, ದಿನಚರಿ ಬರೆಯುವವರಿಗೂ ಇದು ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ.

ಪೆನ್ನು ಕೆಲಸ ಮಾಡುವ ಬಗೆ

ಇದನ್ನು ತಿಳಿದುಕೊಂಡರೆ ಮುಂದಿನ ಅರ್ಧ ತೊಂದರೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಹುದು. ಬಾಲ್‌ಪೆನ್ನಿನ ಶಾಯಿ ಅಂಟಿನಂತೆ ಗಟ್ಟಿ. ಗುಂಡು ಉರುಳಿ ಅದು ಕಾಗದಕ್ಕೆ ಇಳಿಯಬೇಕಾದರೆ ಒತ್ತಲೇಬೇಕು. ಫೌಂಟನ್ ಪೆನ್ನಿನ ಶಾಯಿ ನೀರಿನಷ್ಟು ತೆಳು. ನಿಬ್ಬಿನ ಕೆಳಗೆ ಕಪ್ಪನೆಯ ನಾಲಗೆ ಇರುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ. ಶಾಯಿ ಆ ಕಾಲುವೆಯಲ್ಲಿ ತಾನಾಗಿ ಹರಿದು, ನಿಬ್ಬಿನ ಸೀಳಿಗೆ ಬಂದು ನಿಂತಿರುತ್ತದೆ. ತುದಿ ಕಾಗದಕ್ಕೆ ತಾಗಿದೊಡನೆ ಕಾಗದವೇ ಅದನ್ನು ಎಳೆದುಕೊಳ್ಳುತ್ತದೆ. ಹೊರಗೆ ಹೋದಷ್ಟು ಶಾಯಿಯ ಜಾಗಕ್ಕೆ ಅದೇ ನಾಲಗೆಯ ಮೂಲಕ ಗಾಳಿ ಒಳಗೆ ಬರಬೇಕು. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಶಾಯಿ ಇಳಿಯಲು, ಗಾಳಿ ಏರಲು ದಾರಿ ಮಾಡಿಕೊಡುವ ಇಂಥ ನಾಲಗೆಗೇ. ಪೆನ್ನು ಮಧ್ಯದಲ್ಲಿ ನಿಂತರೆ ಗಾಳಿಯ ದಾರಿಯೋ ಶಾಯಿಯ ದಾರಿಯೋ ಕಟ್ಟಿದೆ. ಕಕ್ಕಿದರೆ ಒಳಗಿನ ಗಾಳಿ ಹಿಗ್ಗಿದೆ. ಒತ್ತಿ ಬರೆಯುವುದರಿಂದ ಇವೆರಡಕ್ಕೂ ಪರಿಹಾರವಿಲ್ಲ, ನಿಬ್ಬಿನ ಸೀಳಿನ ಎರಡೂ ಬದಿಯ ಎಸಳುಗಳು ಅಗಲಿ ಹಾಳಾಗುತ್ತವೆ ಅಷ್ಟೇ.

ಮೊದಲ ಹೆಜ್ಜೆ: ನಿಬ್ಬಿನ ಅಳತೆ

ನಿಬ್ಬಿನ ಮೇಲೆ ಸಾಮಾನ್ಯವಾಗಿ ಇಎಫ್, ಎಫ್, ಎಂ, ಬಿ ಎಂದು ಕೊರೆದಿರುತ್ತದೆ: ಅತಿ ಸಣ್ಣ, ಸಣ್ಣ, ಮಧ್ಯಮ, ದಪ್ಪ. ಎಫ್ ಎಂದರೆ ಸುಮಾರು ಅರ್ಧ ಮಿಲಿಮೀಟರ್ ಗೆರೆ. ಆದರೆ ಜಪಾನಿನ ಕಂಪನಿಗಳ ಅಳತೆ ಯುರೋಪಿನ ಅಳತೆಗಿಂತ ಒಂದು ಮೆಟ್ಟಿಲು ಸಣ್ಣ. ಪೈಲಟ್ ಪೆನ್ನಿನ ಎಂ ಬರೆಯುವ ಗೆರೆ ಲ್ಯಾಮಿ ಪೆನ್ನಿನ ಎಫ್ ಗೆರೆಯ ಹತ್ತಿರ ಬರುತ್ತದೆ.

ಕನ್ನಡಕ್ಕೆ ಯಾವುದು? ಸಾಮಾನ್ಯ ನೋಟ್‌ಬುಕ್ಕಿನ ಎರಡು ಗೆರೆಗಳ ನಡುವೆ ಏಳೆಂಟು ಮಿಲಿಮೀಟರ್ ಜಾಗ ಇರುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಧಾರಾಳ. ನಾವು ಅದೇ ಜಾಗದಲ್ಲಿ ತಲೆಕಟ್ಟು, ಅಕ್ಷರದ ಮೈ, ಅದರ ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೊಂದು ಒತ್ತು ಕೂರಿಸಬೇಕು. ಎಂ ಅಥವಾ ಬಿ ನಿಬ್ಬಿನಲ್ಲಿ ‘ಲಕ್ಷ್ಮೇಶ್ವರ’ ಎಂದು ಬರೆದು ನೋಡಿ. ಷಕಾರದ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ, ಮಕಾರದ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಥ, ಧ, ದ ಮೂರೂ ಒಂದೇ ಥರ ಕಾಣತೊಡಗುತ್ತವೆ. ಆದ್ದರಿಂದ ದಿನಬಳಕೆಗೆ ಯುರೋಪಿನ ಪೆನ್ನಾದರೆ ಇಎಫ್, ಜಪಾನಿನದಾದರೆ ಎಫ್ ಅಥವಾ ಎಂ, ನಮ್ಮ ದೇಶದ್ದಾದರೆ ಎಫ್. ಗೆರೆಯಿಲ್ಲದ ಹಾಳೆಯಲ್ಲಿ ದೊಡ್ಡ ಅಕ್ಷರ ಬರೆಯುವವರು, ಆಮಂತ್ರಣದ ಲಕೋಟೆಯ ಮೇಲೆ ಹೆಸರು ಬರೆಯುವವರು ದಪ್ಪಕ್ಕೆ ಹೋಗಬಹುದು.

ತುದಿ ಚಪ್ಪಟೆಯಾಗಿರುವ ಸ್ಟಬ್ ನಿಬ್ಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಉದ್ದ ಗೆರೆಯನ್ನು ದಪ್ಪಗೂ ಅಡ್ಡ ಗೆರೆಯನ್ನು ತೆಳ್ಳಗೂ ಬರೆಯುತ್ತದೆ. ಮೂಲೆ ಚೆನ್ನಾಗಿ ದುಂಡಗಿದ್ದರೆ ಕನ್ನಡದ ಅ, ಳ, ಣ, ಲ ಅಕ್ಷರಗಳಿಗೆ ಅದು ಕೊಡುವ ಏರಿಳಿತ ಬಲು ಸೊಗಸು. ಮೂಲೆ ಚೂಪಾಗಿರುವ ಇಟಾಲಿಕ್ ನಿಬ್ಬು ಮಾತ್ರ ಬೇಡ. ನಮ್ಮ ಲಿಪಿಯಲ್ಲಿ ಪೆನ್ನು ಎಡಕ್ಕೂ ಬಲಕ್ಕೂ ಸುತ್ತುತ್ತದೆ, ಕೆಳಗಿನಿಂದ ಮೇಲಕ್ಕೆ ತಳ್ಳುವ ಗೆರೆಗಳೂ ಹೆಚ್ಚು. ಪ್ರತಿ ಸುತ್ತಿನಲ್ಲೂ ಆ ಚೂಪು ಮೂಲೆ ಕಾಗದವನ್ನು ಕೆರೆಯುತ್ತದೆ.

ಎರಡನೆಯ ಹೆಜ್ಜೆ: ಶಾಯಿ ತುಂಬುವ ವಿಧಾನ ಆರಿಸಿಕೊಳ್ಳುವುದು

ಡ್ರಾಪರಿನಿಂದ ನೇರವಾಗಿ ಕೊಳವೆಗೆ ಶಾಯಿ ಹಾಕುವ ಪೆನ್ನು ನಮ್ಮ ದೇಶದ ಹಳೆಯ ರೂಢಿ. ಎರಡರಿಂದ ನಾಲ್ಕು ಮಿಲಿಲೀಟರ್ ಹಿಡಿಯುತ್ತದೆ, ಒಮ್ಮೆ ತುಂಬಿದರೆ ವಾರಗಟ್ಟಲೆ ನಡೆಯುತ್ತದೆ, ಕೆಡುವ ಭಾಗಗಳೇ ಇಲ್ಲ. ಕೊರತೆ ಎಂದರೆ ಶಾಯಿ ಕಡಿಮೆಯಾದಾಗ ಕಕ್ಕುವ ಸ್ವಭಾವ. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಮೂರನೇ ಒಂದು ಪಾಲು ಉಳಿದಾಗಲೇ ಮತ್ತೆ ತುಂಬಿದರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ.

ಕನ್ವರ್ಟರ್ ಎಂಬುದು ತಿರುಗಿಸಿ ಶಾಯಿ ಎಳೆದುಕೊಳ್ಳುವ ಸಣ್ಣ ಬಿಡಿಭಾಗ. ಅರ್ಧದಿಂದ ಒಂದು ಮಿಲಿಲೀಟರ್ ಹಿಡಿಯುತ್ತದೆ. ತೊಳೆಯಲು ಸುಲಭ, ಕಕ್ಕುವುದು ಕಡಿಮೆ. ಹೊಸಬರಿಗೆ ನನ್ನ ಸಲಹೆ ಇದೇ. ಕೊಳ್ಳುವಾಗ ಗಮನಿಸಿ: ಪಾರ್ಕರ್, ಪೈಲಟ್, ಲ್ಯಾಮಿ, ಪ್ಲಾಟಿನಂ ತಂತಮ್ಮ ಅಳತೆಯ ಕನ್ವರ್ಟರ್‌ಗಳನ್ನೇ, ಶಾಯಿ ತುಂಬಿಯೇ ಬರುವ ಕಾರ್ಟ್ರಿಜ್‌ಗಳನ್ನೇ ಬಳಸುತ್ತವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹೀರೋ 616ರಂಥ ಪೆನ್ನುಗಳಲ್ಲಿ ಒತ್ತಿ ಬಿಡುವ ರಬ್ಬರಿನಂಥ ಚೀಲ ಒಳಗೇ ಇರುತ್ತದೆ. ಶಾಯಿ ಎಳೆಯುವ ತಿರುಪು ಮೈಯೊಳಗೇ ಇರುವ ಪಿಸ್ಟನ್ ಪೆನ್ನು ಹೆಚ್ಚು ಶಾಯಿ ಹಿಡಿಯುತ್ತದೆ, ಬೆಲೆಯೂ ಹೆಚ್ಚು, ತೊಳೆಯಲು ತಾಳ್ಮೆಯೂ ಹೆಚ್ಚು ಬೇಕು. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಮೊದಲ ಪೆನ್ನಿಗೆ ಸಾವಿರಗಟ್ಟಲೆ ಖರ್ಚು ಮಾಡಬೇಕಾಗಿಲ್ಲ. ಪ್ಲಾಟಿನಂ ಪ್ರೆಪ್ಪಿ ಪೆನ್ನಿನ 03 ಅಂಕಿಯ ನಿಬ್ಬು ನಮ್ಮ ಲಿಪಿಗೆ ಹೇಳಿ ಮಾಡಿಸಿದಂತಿದೆ. ಅದರ ಮುಚ್ಚಳದೊಳಗಿನ ಬಿಗಿಯಾದ ಒಳಮುಚ್ಚಳದಿಂದಾಗಿ ಬಹುಕಾಲ ಮುಟ್ಟದಿದ್ದರೂ ಶಾಯಿ ಒಣಗುವುದಿಲ್ಲ. ಒಂದೇ ದಿನ ಆರೇಳು ಗಂಟೆ ಬರೆಯುವವರು ಹಗುರ ಪೆನ್ನನ್ನೇ ಆರಿಸಿಕೊಳ್ಳಲಿ. ಲೋಹದ ಪೆನ್ನು ಕೈಗೆ ಘನವಾಗಿ ತೋರುತ್ತದೆ, ಮೂರನೆಯ ಗಂಟೆಗೆ ಅದೇ ಭಾರ. ಪರೀಕ್ಷೆಗೆ ಒಯ್ಯುವ ಮುನ್ನ ಸೂಚನೆ ಓದಿ: ಒಎಂಆರ್ ಹಾಳೆಗೆ ಫೌಂಟನ್ ಪೆನ್ನು ಸಲ್ಲದು.

ಮೂರನೆಯ ಹೆಜ್ಜೆ: ಅಂಗಡಿಯಲ್ಲಿ ನಿಂತು ನೋಡುವುದು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಸ್ಟೇಷನರಿ ಅಂಗಡಿಗೆ ಹೋದರೆ ಶಾಯಿಯಲ್ಲಿ ಅದ್ದಿ ಬರೆದು ನೋಡಲು ಕೇಳಿ. ಅದಕ್ಕೂ ಮೊದಲು ನಿಬ್ಬನ್ನು ಬೆಳಕಿಗೆ ಹಿಡಿಯಿರಿ. ಸೀಳು ಮೇಲಿನಿಂದ ತುದಿಯವರೆಗೆ ನೇರವಾಗಿರಬೇಕು, ತುದಿಯತ್ತ ಬರುತ್ತ ಕಿರಿದಾಗಬೇಕು. ಎದುರಿನಿಂದ ನೋಡಿದಾಗ ಎರಡು ಎಸಳುಗಳ ತುದಿ ಒಂದೇ ಮಟ್ಟದಲ್ಲಿರಬೇಕು. ಇದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಸರಾಫರು ಬಳಸುವಂಥ ಭೂತಗನ್ನಡಿ ಇದ್ದರೆ ಒಳ್ಳೆಯದು. ಈ ಹವ್ಯಾಸದಲ್ಲಿ ಪೆನ್ನಿನ ನಂತರ ಕೊಳ್ಳಬೇಕಾದ ಮೊದಲ ಸಾಮಾನೇ ಅದು.

ಆಮೇಲೆ ಬರೆಯಿರಿ. ಸಹಿ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಹಿಯನ್ನು ಎಲ್ಲರೂ ಬೀಸಿ ಹಾಕುತ್ತಾರೆ. ಮೊದಲು ಎಡಕ್ಕೆ ಸುತ್ತುವ ಸುರುಳಿ, ಆಮೇಲೆ ಬಲಕ್ಕೆ ಸುತ್ತುವ ಸುರುಳಿ. ಬಳಿಕ ನಿಮ್ಮ ಎಂದಿನ ಗಾತ್ರದಲ್ಲಿ, ಎಂದಿನ ವೇಗದಲ್ಲಿ ಈ ಪದಗಳು: ಲಕ್ಷ್ಮೇಶ್ವರ, ಹುಬ್ಬಳ್ಳಿ, ರಾಷ್ಟ್ರ, ಷಷ್ಠಿ, ಘಂಟೆ, ಥಂಡಿ, ಅಣ್ಣಿಗೇರಿ. ಷಷ್ಠಿಯಲ್ಲಿ ಠಕಾರದ ಒತ್ತಿನೊಳಗೆ ಚುಕ್ಕೆ ಉಳಿದರೆ ಅಳತೆ ಸರಿ. ಅಣ್ಣಿಗೇರಿಯ ಣಕಾರದಲ್ಲಿ ಎಲ್ಲೂ ತಡೆಯದೆ ಸುತ್ತಿ ಬಂದರೆ ತುದಿ ನಯವಾಗಿದೆ. ಹುಬ್ಬಳ್ಳಿಯಲ್ಲಿ ಎರಡು ದ್ವಿತ್ವ ಬರೆಯುವಾಗ ಪೆನ್ನು ಎತ್ತಿ ಇಡಬೇಕಾಗುತ್ತದೆ. ಪ್ರತಿ ಸಲ ಇಟ್ಟಾಗಲೂ ಮೊದಲ ಗೆರೆಯೇ ಮೂಡಬೇಕು. ಮೊದಲರ್ಧ ಗೆರೆ ತಪ್ಪಿ ಆಮೇಲೆ ಶಾಯಿ ಬಂದರೆ ಆ ನಿಬ್ಬು ಬೇಡ, ಇನ್ನೊಂದು ಕೇಳಿ. ಒಂದೇ ಮಾದರಿಯ ಎರಡು ಪೆನ್ನುಗಳು ಒಂದೇ ಥರ ಬರೆಯುವುದಿಲ್ಲ, ಕಡಿಮೆ ಬೆಲೆಯವಂತೂ ಖಂಡಿತ ಇಲ್ಲ.

ನಾಲ್ಕನೆಯ ಹೆಜ್ಜೆ: ಮೊದಲ ತೊಳೆತ, ಮೊದಲ ಶಾಯಿ

ಹೊಸ ಪೆನ್ನಿನ ನಾಲಗೆಯಲ್ಲಿ ಕಾರ್ಖಾನೆಯ ಎಣ್ಣೆಯ ಪಸೆ ಉಳಿದಿರುತ್ತದೆ. ಎಣ್ಣೆ ಇದ್ದಲ್ಲಿ ಶಾಯಿ ಹರಿಯುವುದಿಲ್ಲ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ಕನ್ವರ್ಟರಿನಿಂದ ಕೆಲವು ಸಲ ಎಳೆದು ಬಿಡಿ. ಬಳಿಕ ಬರೀ ನೀರಿನಲ್ಲಿ ನೊರೆ ಹೋಗುವತನಕ ಅದೇ ಕೆಲಸ. ನಿಬ್ಬನ್ನು ಕೆಳಮುಖವಾಗಿಸಿ ಹತ್ತಿಬಟ್ಟೆಯ ಮೇಲೆ ರಾತ್ರಿಯಿಡೀ ಬಿಡಿ.

ಶಾಯಿ ತುಂಬುವಾಗ ನಿಬ್ಬು ಪೂರ್ತಿ ಮುಳುಗಬೇಕು, ನಿಬ್ಬಿನ ಬುಡದಲ್ಲಿರುವ ಗಾಳಿರಂಧ್ರ ಹೊರಗುಳಿದರೆ ಶಾಯಿಯ ಬದಲು ಗಾಳಿ ಬರುತ್ತದೆ. ನಿಧಾನವಾಗಿ ತಿರುಗಿಸಿ ಎಳೆದುಕೊಳ್ಳಿ, ಪೂರ್ತಿ ಬಿಟ್ಟು ಮತ್ತೊಮ್ಮೆ ಎಳೆಯಿರಿ. ಎರಡನೆಯ ಸಲ ಹೆಚ್ಚು ತುಂಬುತ್ತದೆ. ಹೊರತೆಗೆದ ಮೇಲೆ ಎರಡು ಮೂರು ಹನಿ ಬಾಟಲಿಗೇ ಬಿಟ್ಟು, ನಿಬ್ಬನ್ನು ಮೇಲೆ ಮಾಡಿ ಚೂರು ಗಾಳಿ ಎಳೆದುಕೊಳ್ಳಿ. ನಾಲಗೆಯಲ್ಲಿ ತುಂಬಿ ತುಳುಕುತ್ತಿದ್ದ ಶಾಯಿ ಒಳಗೆ ಹೋಗುತ್ತದೆ, ಮೊದಲ ಪುಟದಲ್ಲಿ ಹನಿ ಬೀಳುವುದು ತಪ್ಪುತ್ತದೆ. ನಿಬ್ಬು ಒರೆಸಲು ಒಗೆದು ಒಗೆದು ಮೆತ್ತಗಾದ ಧೋತರದ ತುಂಡಿಗಿಂತ ಒಳ್ಳೆಯ ಬಟ್ಟೆ ಇಲ್ಲ. ಹೊಸ ಬಟ್ಟೆಯ ನೂಲು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಡ್ರಾಪರ್ ಪೆನ್ನಾದರೆ ತಿರುಪಿನ ಸುತ್ತುಗಳಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ರಬ್ಬರಿನ ಉಂಗುರವಿದ್ದರೆ ಅದನ್ನು ಅದು ಮೆತ್ತಗೆ ಮಾಡಿ ಹಾಳುಗೆಡವುತ್ತದೆ.

ಐದನೆಯ ಹೆಜ್ಜೆ: ಕೈ ಹಗುರ ಮಾಡುವುದು

ಬಾಲ್‌ಪೆನ್ನಿಗೆ ಒಗ್ಗಿದ ಕೈಗೆ ಇದೇ ಕಷ್ಟದ ಭಾಗ. ನಿಬ್ಬಿನ ಮುಖ ಮೇಲಿರಲಿ, ಪೆನ್ನು ಕಾಗದಕ್ಕೆ ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಒರಗಲಿ. ಪೆನ್ನಿನ ಭಾರವೇ ಸಾಕು, ಬೆರಳಿನ ಬಲ ಬೇಡ. ಒಂದು ಪರೀಕ್ಷೆ: ಬರೆಯುತ್ತಿರುವಾಗ ಇನ್ನೊಬ್ಬರು ಹಿಂದಿನಿಂದ ಪೆನ್ನು ಎಳೆದರೆ ಅದು ಸುಲಭವಾಗಿ ಕೈಬಿಟ್ಟು ಬರಬೇಕು. ಬಾರದಿದ್ದರೆ ನೀವು ಬಿಗಿ ಹಿಡಿದಿದ್ದೀರಿ. ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ, ಅಕ್ಷರದ ಉಬ್ಬು ಸಿಕ್ಕರೂ ಅದೇ ಅರ್ಥ. ದಿನಕ್ಕೆ ಅರ್ಧ ಪುಟ ದೊಡ್ಡ ಅಕ್ಷರದಲ್ಲಿ ನಿಧಾನವಾಗಿ ಬರೆದರೆ ಕೆಲವೇ ವಾರಗಳಲ್ಲಿ ಕೈ ಬದಲಾಗುತ್ತದೆ. ಅಕ್ಷರವೂ ಬದಲಾಗುತ್ತದೆ, ಅವಸರದಲ್ಲಿ ಮುರುಟಿಹೋಗಿದ್ದ ನಮ್ಮ ದುಂಡು ಅಕ್ಷರ ಮತ್ತೆ ಅರಳುವುದನ್ನು ನೋಡುವುದೇ ಈ ಪೆನ್ನಿನ ದೊಡ್ಡ ಸುಖ. ಎಡಗೈಯವರು ಬೇಗ ಒಣಗುವ ಶಾಯಿ ಆರಿಸಿಕೊಂಡು ಹಾಳೆಯನ್ನು ಹೆಚ್ಚು ಓರೆ ಇಟ್ಟುಕೊಳ್ಳಲಿ.

ಆರನೆಯ ಹೆಜ್ಜೆ: ಶಾಯಿ ಅರಿತು ಕೊಳ್ಳುವುದು

ಶಾಯಿಯಲ್ಲಿ ಮೂರು ಜಾತಿ. ಮೊದಲನೆಯದು ನೀರಿನಲ್ಲಿ ಕರಗಿದ ಬಣ್ಣದ್ದು. ಕ್ಯಾಮೆಲ್, ಬ್ರಿಲ್ ಬಾಟಲಿಗಳ ರಾಯಲ್ ಬ್ಲೂ ಈ ಜಾತಿಯವು. ಪೆನ್ನಿಗೆ ಸುರಕ್ಷಿತ, ತೊಳೆದರೆ ಹೋಗುತ್ತದೆ, ನೀರು ಬಿದ್ದರೆ ಬರಹವೂ ಹೋಗುತ್ತದೆ. ಮೊದಲ ವರ್ಷ ಇದೇ ಸಾಕು.

ಎರಡನೆಯದು ಕಬ್ಬಿಣದ ಶಾಯಿ. ಇದರ ಕಥೆ ನಮ್ಮ ನೆಲದ್ದೂ ಹೌದು: ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಕಪ್ಪು ಮಾಡುವ ಹಳೆಯ ಕ್ರಮದ ಹಿಂದಿರುವ ರಸಾಯನವೂ, ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿಯಿಂದ ಮಾಡುತ್ತಿದ್ದ ಶಾಯಿಯ ರಸಾಯನವೂ ಒಂದೇ. ಒಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ, ಗಾಳಿ ತಾಗಿದಂತೆಲ್ಲ ಕಪ್ಪಾಗಿ ಕಾಗದದ ನಾರಿನಲ್ಲಿ ಕೂತುಬಿಡುತ್ತದೆ. ಬರೆದಾಗ ಮಸುಕು ನೀಲಿ, ನಾಳೆ ನೋಡಿದರೆ ಬೂದುಗಪ್ಪು. ನೀರಿಗೆ ಜಗ್ಗುವುದಿಲ್ಲ. ಇಂದಿನ ಕಂಪನಿಗಳು ಫೌಂಟನ್ ಪೆನ್ನಿಗೆಂದೇ ಹದ ಮಾಡಿದ್ದನ್ನು ಮಾತ್ರ ಬಳಸಬೇಕು, ಮನೆಯಲ್ಲಿ ಕುದಿಸಿದ್ದನ್ನು ಪೆನ್ನಿಗೆ ಹಾಕಬಾರದು. ಇದು ಆಮ್ಲೀಯ, ಹಾಗಾಗಿ ಎರಡು ಮೂರು ವಾರಕ್ಕೊಮ್ಮೆ ಪೆನ್ನು ತೊಳೆಯಬೇಕು.

ಮೂರನೆಯದು ಅತಿ ನುಣ್ಣನೆಯ ಬಣ್ಣದ ಪುಡಿ ತೇಲುವ ಶಾಯಿ. ನೀರಿಗೂ ಬಿಸಿಲಿಗೂ ತಡೆಯುತ್ತದೆ. ಪೆನ್ನಿನಲ್ಲಿ ಒಣಗಲು ಬಿಟ್ಟರೆ ಮಾತ್ರ ನಾಲಗೆಯ ಕಾಲುವೆ ಶಾಶ್ವತವಾಗಿ ಕಟ್ಟಿಕೊಳ್ಳಬಹುದು. ದಿನವೂ ಬರೆಯುವ ಪೆನ್ನಿಗೆ ಮಾತ್ರ ಹಾಕಿ. ಚಿತ್ರ ಬರೆಯುವವರ ಇಂಡಿಯಾ ಇಂಕು ಇದರ ಜಾತಿಯದ್ದೆಂದು ಭ್ರಮಿಸಬೇಡಿ. ಅದರಲ್ಲಿ ಅರಗು ಅಥವಾ ಅಂಟು ಇರುತ್ತದೆ, ಒಂದೇ ತುಂಬಿಕೆಗೆ ಪೆನ್ನು ಮುಗಿಯಿತು.

ಚೆಕ್ಕು, ಕರಾರುಪತ್ರ, ಅಂಕಪಟ್ಟಿಗಳಿಗೆ ಎರಡನೆಯ ಅಥವಾ ಮೂರನೆಯ ಜಾತಿಯ ಶಾಯಿಯೇ ಇರಲಿ. ತೊಳೆದರೆ ಹೋಗುವ ನೀಲಿಯಲ್ಲಿ ಮೊತ್ತ ಬರೆಯುವುದು ಅಪಾಯ.

ಸ್ವದೇಶಿ ಶಾಯಿಗಳನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಸುಲೇಖಾ 1934ರಲ್ಲಿ ಬಂಗಾಳದಲ್ಲಿ, ವಿದೇಶಿ ಶಾಯಿಗೆ ಪರ್ಯಾಯ ಬೇಕೆಂಬ ಹಂಬಲದಿಂದ ಹುಟ್ಟಿದ್ದು. ನಡುವೆ ನಿಂತುಹೋಗಿ, 2020ರ ಹೊತ್ತಿಗೆ ಫೌಂಟನ್ ಪೆನ್ನಿನ ಶಾಯಿಗೆ ಮರಳಿತು. ಕೇರಳದ ಕೃಷ್ಣಾ ಶಾಯಿಗಳು ಬಣ್ಣದ ವೈವಿಧ್ಯಕ್ಕೆ ಹೆಸರಾದವು. ಹೊರಗಿನವುಗಳಲ್ಲಿ ಪೆಲಿಕಾನ್ 4001 ಸ್ವಲ್ಪ ಒಣ ಸ್ವಭಾವದ್ದು, ಅಂದರೆ ಕಡಿಮೆ ಹರಿಯುವಂಥದ್ದು. ಇದು ತೆಳು ಕಾಗದಕ್ಕೆ ವರ. ಶಾಯಿ ಧಾರಾಳವಾಗಿ ಸುರಿಸುವ ಪೆನ್ನಿಗೆ ಒಣ ಸ್ವಭಾವದ ಶಾಯಿ, ಜಿಪುಣ ಪೆನ್ನಿಗೆ ಹರಿಯುವ ಶಾಯಿ ಎಂದು ಜೋಡಿ ಮಾಡಿದರೆ ಅರ್ಧ ದೂರುಗಳು ತೀರುತ್ತವೆ.

ಎರಡು ಶಾಯಿಗಳನ್ನು ಬಾಟಲಿಯಲ್ಲಿ ಬೆರೆಸಬೇಡಿ. ಒಂದು ಆಮ್ಲೀಯ, ಇನ್ನೊಂದು ಕ್ಷಾರೀಯವಾಗಿದ್ದರೆ ಗಸಿ ಕಟ್ಟುತ್ತದೆ. ಪೆನ್ನನ್ನು ದೊಡ್ಡ ಬಾಟಲಿಗೆ ಮತ್ತೆ ಮತ್ತೆ ಅದ್ದುವ ಬದಲು ಐದು ಮಿಲಿಲೀಟರಿನ ಸಣ್ಣ ಶೀಶೆಗೆ ಬಗ್ಗಿಸಿಕೊಂಡು ತುಂಬಿ. ಮೇಲೆ ಪೊರೆ ಕಟ್ಟಿದರೆ, ಬೂಷ್ಟು ವಾಸನೆ ಬಂದರೆ ಇಡೀ ಬಾಟಲಿ ಚೆಲ್ಲಿ. ಅದನ್ನು ಹಾಕಿದ ಪೆನ್ನನ್ನೂ ಚೆನ್ನಾಗಿ ತೊಳೆಯಿರಿ.

ಏಳನೆಯ ಹೆಜ್ಜೆ: ಕಾಗದ

ಅಂಗಡಿಯ ಅಗ್ಗದ ನೋಟ್‌ಬುಕ್ಕಿನ ಹಾಳೆಯ ಮೇಲೆ ಒಳ್ಳೆಯ ಪೆನ್ನೂ ಕೆಟ್ಟದಾಗಿ ಬರೆಯುತ್ತದೆ. ಗೆರೆಯ ಅಂಚಿನಲ್ಲಿ ಬೇರು ಬಿಟ್ಟಂತೆ ಶಾಯಿ ಹಬ್ಬುತ್ತದೆ, ಹಿಂಬದಿಗೆ ಇಳಿಯುತ್ತದೆ. ಇದಕ್ಕೆ ಹಾಳೆಯ ತೂಕಕ್ಕಿಂತ ಅದರ ಮೇಲ್ಮೈಗೆ ಹಾಕಿದ ಗಂಜಿಯಂಥ ಲೇಪನವೇ ಮುಖ್ಯ ಕಾರಣ. ಆದ್ದರಿಂದ ತೂಕ ಹೇಳುವ ಜಿಎಸ್‌ಎಂ ಅಂಕಿಯನ್ನು ಮಾತ್ರ ನಂಬಬೇಡಿ, ಬರೆದು ನೋಡಿ. ಆದರೂ 70ಕ್ಕಿಂತ ಕಡಿಮೆ ಬೇಡ, 80ರಿಂದ 100ರವರೆಗಿನದ್ದು ವಾಸಿ.

ಇದಕ್ಕೆ ನಮ್ಮ ಭಾಗದಲ್ಲೇ ಒಳ್ಳೆಯ ದಾರಿ ಇದೆ. ಗದಗ–ಬೆಟಗೇರಿ ಮುದ್ರಣಾಲಯಗಳಿಗೆ ಹೆಸರಾದ ಊರು, ಹುಬ್ಬಳ್ಳಿಯಲ್ಲೂ ಮುದ್ರಣಾಲಯಗಳಿಗೆ ಕೊರತೆಯಿಲ್ಲ. ಒಂದೆರಡು ಬಗೆಯ ಬಾಂಡ್ ಕಾಗದದ ಹಾಳೆಗಳನ್ನು ಕೇಳಿ ತೆಗೆದುಕೊಳ್ಳಿ, ನಿಮ್ಮ ಪೆನ್ನಿನಲ್ಲಿ ಎರಡೂ ಬದಿ ಬರೆದು ಒಂದು ದಿನ ಬಿಡಿ. ಶಾಯಿ ಹಬ್ಬಗೊಡದ, ಹಿಂಬದಿಗೆ ಇಳಿಯಗೊಡದ ಕಾಗದ ಸಿಕ್ಕಿತೆಂದರೆ ಅದನ್ನೇ ಬೇಕಾದ ಅಳತೆಗೆ ಕತ್ತರಿಸಿ, ಹತ್ತು ಮಿಲಿಮೀಟರ್ ಅಂತರದ ತೆಳು ಬೂದು ಗೆರೆ ಮುದ್ರಿಸಿ, ದಾರದಲ್ಲಿ ಹೊಲಿದು ಬೈಂಡ್ ಮಾಡಿಕೊಡಲು ಹೇಳಿ. ಹತ್ತಿಪ್ಪತ್ತು ಪುಸ್ತಕ ಒಟ್ಟಿಗೆ ಮಾಡಿಸಿದರೆ ಬೆಲೆ ಇಳಿಯುತ್ತದೆ, ಗೆಳೆಯರು ಸೇರಿ ಮಾಡಿಸಬಹುದು. ಒತ್ತಕ್ಷರಕ್ಕೆ ಉಸಿರಾಡಲು ಜಾಗ ಕೊಡುವ ಗೆರೆಯ ಪುಸ್ತಕ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ನಾವೇ ಮಾಡಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಹಾಳೆ ತೇವ ಹೀರಿಕೊಂಡು ಮೆತ್ತಗಾಗಿರುತ್ತದೆ, ಬೇಸಿಗೆಯಲ್ಲಿ ಹಬ್ಬದಿದ್ದ ಶಾಯಿಯೂ ಆಗ ಹಬ್ಬುತ್ತದೆ. ಜೂನ್ ಬಂದೊಡನೆ ನಿಬ್ಬು ಒಂದು ಮೆಟ್ಟಿಲು ಸಣ್ಣದಕ್ಕೆ ಬದಲಿಸಿ, ನೋಟ್‌ಬುಕ್ಕನ್ನು ಕಪಾಟಿನೊಳಗಿಡಿ.

ಎಂಟನೆಯ ಹೆಜ್ಜೆ: ತೊಳೆಯುವುದು, ಒಯ್ಯುವುದು

ಶಾಯಿ ಬದಲಿಸುವಾಗ, ಬದಲಿಸದಿದ್ದರೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ತೊಳೆಯಬೇಕು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಮಾತ್ರ. ಬಿಸಿನೀರಿಗೆ ನಾಲಗೆ ಸೊಟ್ಟಗಾಗುತ್ತದೆ. ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ತಗುಲಿದರೆ ಪ್ಲಾಸ್ಟಿಕ್ ಮೈ ಕರಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ, ಕಿವಿ ತೊಳೆಯುವ ರಬ್ಬರಿನ ಬಲ್ಬನ್ನು ಕನ್ವರ್ಟರ್ ಕೂರುವ ಕಡೆಗೆ ಹಿಡಿದು ನೀರು ಹಾಯಿಸಿದರೆ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ನೀರು ಯಾವುದು ಎಂಬುದೂ ಮುಖ್ಯ. ಗದಗ ಕಡೆಯ ಅನೇಕ ಊರುಗಳ ಬೋರ್‌ವೆಲ್ ನೀರು ಗಡುಸು. ಸ್ನಾನದ ಕೊಡದ ಒಳಮೈಗೆ ಬಿಳಿ ಪದರ ಕಟ್ಟುವ ನೀರು ಪೆನ್ನಿನ ಕಾಲುವೆಯಲ್ಲೂ ಅದನ್ನೇ ಮಾಡುತ್ತದೆ. ತೊಳೆದ ಮೇಲೆ ಕೊನೆಯ ಸುತ್ತಿಗೆ ಆರ್‌ಒ ಫಿಲ್ಟರಿನ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ದಪ್ಪಗಾದ ಶಾಯಿಯನ್ನು ತೆಳು ಮಾಡಲೂ ಅದೇ ಡಿಸ್ಟಿಲ್ಡ್ ನೀರಿನ ಕೆಲವು ಹನಿ.

ಗಟ್ಟಿ ರಬ್ಬರಿನ, ಅಂದರೆ ಎಬೊನೈಟಿನ ಪೆನ್ನನ್ನು ನೀರಿನಲ್ಲಿ ನೆನೆಹಾಕಬಾರದು. ನೀರಿಗೂ ಬಿಸಿಲಿಗೂ ಅದರ ಕಪ್ಪು ಕಂದಾಗುತ್ತದೆ. ನಿಬ್ಬಿನ ಭಾಗ ಮಾತ್ರ ತೊಳೆದು ಕೂಡಲೇ ಒರೆಸಿ.

ಬರೆಯದಿರುವಾಗ ನಿಬ್ಬು ಮೇಲಿರಲಿ. ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಬೇಸಿಗೆಯ ಮಧ್ಯಾಹ್ನ ಪೆನ್ನು ಬಿಡಬೇಡಿ. ಹುಬ್ಬಳ್ಳಿಯಿಂದ ವಿಮಾನ ಹತ್ತುವವರು ಪೆನ್ನನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿ ಜೇಬಿನಲ್ಲಿಟ್ಟುಕೊಳ್ಳಲಿ. ಮೇಲೆ ಹೋದಂತೆ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ. ಗಾಳಿಯೇ ಇಲ್ಲದಿದ್ದರೆ ಹಿಗ್ಗುವುದೇನು, ಶಾಯಿಯೇ ಇಲ್ಲದಿದ್ದರೆ ಕಕ್ಕುವುದೇನು?

ಒಂಬತ್ತನೆಯ ಹೆಜ್ಜೆ: ಕೆರೆಯುವ ನಿಬ್ಬು

ಕೆರೆಯುವ ನಿಬ್ಬುಗಳಲ್ಲಿ ಹೆಚ್ಚಿನವು ಎಸಳು ಮೇಲುಕೆಳಗಾದವು. ಯಾವ ಎಸಳೆಂದು ಬರೆದೇ ತಿಳಿಯಬಹುದು. ಬಲಕ್ಕೆ ಎಳೆದಾಗ ಮಾತ್ರ ಕೆರೆದರೆ ಎಡ ಎಸಳು ಕೆಳಗಿದೆ, ಎಡಕ್ಕೆ ಎಳೆದಾಗ ಕೆರೆದರೆ ಬಲ ಎಸಳು. ಭೂತಗನ್ನಡಿಯಲ್ಲಿ ಖಚಿತಪಡಿಸಿಕೊಂಡು, ಕೆಳಗಿರುವ ಎಸಳನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ ಬಿಡಿ, ನೋಡಿ, ಮತ್ತೆ ಒತ್ತಿ. ಸೀಳಿನಲ್ಲಿ ನಾರು ಸಿಕ್ಕಿದ್ದರೆ ತೆಳು ಹಿತ್ತಾಳೆಯ ಹಾಳೆಯನ್ನು ಒಮ್ಮೆ ಹಾಯಿಸಿ. ಬ್ಲೇಡು, ಮರಳುಕಾಗದ ಮುಟ್ಟಿಸಲೇಬೇಡಿ. ತುದಿಯಲ್ಲಿರುವ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು ಸವೆದರೆ ಮತ್ತೆ ಬರುವುದಿಲ್ಲ.

ಹತ್ತನೆಯ ಹೆಜ್ಜೆ: ಸಂಗ್ರಹ

ಬರೆಯುವ ಪೆನ್ನುಗಳನ್ನಷ್ಟೇ ಸಂಗ್ರಹಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬಿಯಲ್ಲಿ ಮಲಗಿದ ಪೆನ್ನಿನ ರಬ್ಬರು ಒಣಗುತ್ತದೆ, ಶಾಯಿ ಗಟ್ಟಿಯಾಗುತ್ತದೆ. ಎಷ್ಟೇ ಪೆನ್ನುಗಳಿರಲಿ, ಒಂದು ಹೊತ್ತಿಗೆ ಮೂರಕ್ಕೆ ಮಾತ್ರ ಶಾಯಿ ತುಂಬಿ. ಉಳಿದವು ತೊಳೆದು ಒಣಗಿ ಸರದಿ ಕಾಯಲಿ.

ಸಂಗ್ರಹಕ್ಕೆ ದಾರಿ ಹಲವು. ನನಗೆ ಪ್ರಿಯವಾದದ್ದು ನಮ್ಮ ದೇಶದ ಕೈಕಸುಬಿನ ಪೆನ್ನುಗಳ ದಾರಿ. ರಾಜಮಹೇಂದ್ರಿಯ ರತ್ನಂ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದಿದ್ದರು. ಚೆನ್ನೈ ಹತ್ತಿರದ ತಿರುವಳ್ಳೂರಿನ ರಂಗಾ ಪೆನ್ನುಗಳನ್ನು ಎಬೊನೈಟ್ ದಂಡದಿಂದ ಲೇತ್ ಮೇಲೆ ಕೈಯಲ್ಲೇ ಕಡೆಯುತ್ತಾರೆ. ನಿಮ್ಮ ಹಿಡಿತಕ್ಕೆ ತಕ್ಕ ದಪ್ಪ, ಉದ್ದ ಹೇಳಿ ಮಾಡಿಸಿಕೊಳ್ಳಬಹುದು. ಹೊಸ ಎಬೊನೈಟ್ ಪೆನ್ನನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ರಬ್ಬರನ್ನು ಗಂಧಕದೊಂದಿಗೆ ಬೇಯಿಸಿಯೇ ಅದನ್ನು ಗಟ್ಟಿ ಮಾಡಿರುತ್ತಾರೆ.

ಹಳೆಯ ಪೆನ್ನು ಹುಡುಕುವವರು ಅಣ್ಣಿಗೇರಿ, ಶಿಗ್ಗಾವಿ, ರಾಣೆಬೆನ್ನೂರಿನಂಥ ಊರುಗಳ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಮಾರಾಟವಾಗದೆ ಮೇಲಿನ ಕಪಾಟಿನಲ್ಲಿ ಉಳಿದ ಮಾಲು ಇದೆಯೇ ಎಂದು ವಿನಯದಿಂದ ಕೇಳಬೇಕು. ಮನೆಯ ಟ್ರಂಕಿನಲ್ಲಿ ಅಜ್ಜನ ಪೆನ್ನು ಇದ್ದರೆ ಇನ್ನೂ ಒಳ್ಳೆಯದು. ಕೊಳ್ಳುವ ಮುನ್ನ ಇಷ್ಟನ್ನು ನೋಡಿ: ಮುಚ್ಚಳದ ಬಾಯಿಯಲ್ಲಿ ಕೂದಲೆಳೆಯ ಬಿರುಕಿದೆಯೇ, ತಿರುಪು ಸವೆದಿದೆಯೇ, ನಿಬ್ಬಿನ ತುದಿಯ ಗುಂಡು ಎರಡೂ ಎಸಳುಗಳಲ್ಲಿ ಉಳಿದಿದೆಯೇ, ಒಳಗಿನ ರಬ್ಬರು ಚೀಲ ಮೆತ್ತಗಿದೆಯೇ. ಚೀಲ ಒಡೆದಿದ್ದರೆ ಬದಲಿಸಬಹುದು, ಗುಂಡು ಹೋಗಿದ್ದರೆ ನಿಬ್ಬೇ ಬದಲಿಸಬೇಕು. ‘ಇರಿಡಿಯಂ ಪಾಯಿಂಟ್ ಜರ್ಮನಿ’ ಎಂದು ಕೊರೆದ ನಿಬ್ಬು ಜರ್ಮನಿಯದ್ದೇ ಎಂದು ನಂಬಿ ಹೆಚ್ಚು ಕೊಡಬೇಡಿ, ಆ ಬರಹ ಅಗ್ಗದ ಪೆನ್ನುಗಳಲ್ಲೆಲ್ಲ ಇರುತ್ತದೆ. 14ಕೆ ಅಥವಾ 585 ಎಂಬ ಗುರುತಿದ್ದರೆ ಬಂಗಾರದ ನಿಬ್ಬು. ಆದರೆ ಅದರಲ್ಲಿರುವ ಬಂಗಾರ ಸಾಮಾನ್ಯವಾಗಿ ಒಂದು ಗ್ರಾಮಿಗಿಂತ ಕಡಿಮೆ; ಕರಗಿಸಲು ಕೊಟ್ಟರೆ ಸಿಗುವುದು ಅಲ್ಪ, ಹೋಗುವುದು ಇಡೀ ಪೆನ್ನು. 1941ರಲ್ಲಿ ಬಂದ ಪಾರ್ಕರ್ 51 ಪೆನ್ನಿನ ಹೋಲಿಕೆಯ ಪೆನ್ನುಗಳು ಬಹಳ. ಮೈಮೇಲಿನ ಬರಹವನ್ನು ಭೂತಗನ್ನಡಿಯಲ್ಲಿ ಓದದೆ ಹಣ ಎಣಿಸಬೇಡಿ. ಕರ್ಪೂರದ ವಾಸನೆ ಬರುವ ಹಳೆಯ ಪೆನ್ನು ಸೆಲ್ಯುಲಾಯ್ಡಿನದು. ಅದಕ್ಕೆ ಬೇಗ ಬೆಂಕಿ ತಗುಲುತ್ತದೆ. ದೇವರಮನೆಯ ದೀಪದಿಂದ ದೂರ, ಗಾಳಿಯಾಡುವ ಕಡೆ ಇಡಿ.

ಸಂಗ್ರಹದ ಜೊತೆಗೆ ಒಂದು ದಾಖಲೆ ಪುಸ್ತಕ ಇರಲೇಬೇಕು. ಪ್ರತಿ ಪೆನ್ನಿಗೆ ಒಂದು ಪುಟ: ಕೊಂಡ ದಿನ, ಊರು, ಬೆಲೆ, ನಿಬ್ಬು, ದುರಸ್ತಿ. ಕೆಳಗೆ ಅದೇ ಪೆನ್ನಿನಲ್ಲಿ, ಮೇಲೆ ಹೇಳಿದ ಅದೇ ಏಳು ಪದಗಳು. ಶಾಯಿಗಳಿಗೆ ಬೇರೆ ಪುಟಗಳು: ಒಂದು ಸಾಲು ಬರೆದು ದಿನ ಬಿಟ್ಟು ಒಂದು ತುದಿಗೆ ನೀರಿನ ಹನಿ ಹಾಕಿ ಒರೆಸಿ. ಇನ್ನೊಂದು ಹಾಳೆಯಲ್ಲಿ ಎಲ್ಲ ಶಾಯಿಗಳ ಗೆರೆ ಎಳೆದು, ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಮೇಲ್ಗಡೆ ದಿನಾಂಕ ಬರೆದಿಡಿ. ಫೆಬ್ರವರಿಯಲ್ಲಿ ಅಂಟಿಸಿದ್ದನ್ನು ಮೇ ಕೊನೆಗೆ ತೆಗೆದು ರಟ್ಟು ಸರಿಸಿದರೆ, ಮಕ್ಕಳು ಮೊಮ್ಮಕ್ಕಳು ಓದಲೆಂದು ಬರೆಯುವ ಪತ್ರಕ್ಕೆ ಯಾವ ಬಾಟಲಿ ತೆರೆಯಬೇಕು ಎಂಬುದು ಗೊತ್ತಾಗುತ್ತದೆ.